ಮೂರೂ ದಾಖಲೆ ಬಂದ ಅರ್ಜಿಗಳು ಯಾವುವು? ಎಸ್‌ಕ್ಯೂಎಲ್‌ನಲ್ಲಿ ‘ಎಲ್ಲವೂ ಇರಲೇಬೇಕು’ ಎಂಬ ಷರತ್ತಿಗೆ ಸಮಗ್ರ ಮಾರ್ಗದರ್ಶಿ

ಅರ್ಜಿಯ ಜೊತೆ ಪಹಣಿ, ಆಧಾರ್, ಪಾಸ್‌ಬುಕ್ ಮೂರೂ ಬಂದಿದ್ದರೆ ಮಾತ್ರ ಅದನ್ನು ಪಟ್ಟಿಗೆ ಸೇರಿಸಬೇಕು. ಕೆಲಸ ಇಷ್ಟೇ. ಆದರೂ ಈ ಪಟ್ಟಿ ತೆಗೆಯಲು ಕೂತವರು ಮತ್ತೆ ಮತ್ತೆ ಎರಡು ಕಡೆ ಎಡವುತ್ತಾರೆ. ‘ಆ್ಯಂಡ್’ ಹಾಕಿದರೆ ಒಂದು ಅರ್ಜಿಯೂ ಬರುವುದಿಲ್ಲ. ‘ಇನ್’ ಹಾಕಿದರೆ ಒಂದೇ ದಾಖಲೆ ಕೊಟ್ಟವರೂ ಬಂದು ಕೂರುತ್ತಾರೆ. ಮೂರನೆಯ ಎಡವಟ್ಟು ಇವೆರಡಕ್ಕಿಂತ ಕೆಟ್ಟದ್ದು: ಉತ್ತರ ಸರಿಯಾಗಿರುವಂತೆಯೇ ಕಾಣುತ್ತದೆ, ಒಳಗೆ ತಪ್ಪಿರುತ್ತದೆ. ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ) ಇಲ್ಲಿ ಯಾವ ಎರರ್ ಅನ್ನೂ ತೋರಿಸುವುದಿಲ್ಲ. ಅರ್ಹ ರೈತನ ಹೆಸರು ಬಿಟ್ಟುಹೋದದ್ದು ಗೊತ್ತಾಗುವುದು ಅವನು ಕಚೇರಿಗೆ ಬಂದು ಕೇಳಿದಾಗಲೇ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

## ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದದ್ದು

ಡೇಟಾಬೇಸ್ ಯಾವುದಾದರೂ ಸರಿ: ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ಎಸ್‌ಕ್ಯೂಎಲ್ ಸರ್ವರ್, ಎಸ್‌ಕ್ಯೂಲೈಟ್. ಅಭ್ಯಾಸಕ್ಕೆ ಎಸ್‌ಕ್ಯೂಲೈಟ್ ಸಾಕು. ಅದು ಉಚಿತ, ಸರ್ವರ್ ಬೇಡ, ಇಡೀ ಡೇಟಾಬೇಸ್ ಒಂದೇ ಫೈಲಿನಲ್ಲಿ ಕೂರುತ್ತದೆ. ಕಚೇರಿಯ ಅಸಲಿ ಟೇಬಲ್ ಮೇಲೆ ಪ್ರಯೋಗ ಮಾಡಬೇಡಿ, ನಕಲು ತೆಗೆದುಕೊಳ್ಳಿ.

ಇಲ್ಲಿ ಕ್ವೆರಿಗಳ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳ) ಕೀವರ್ಡ್‌ಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಕಂಪ್ಯೂಟರ್‌ನಲ್ಲಿ ಟೈಪ್ ಮಾಡುವಾಗ ಸೆಲೆಕ್ಟ್, ಫ್ರಮ್, ವೇರ್ ಮುಂತಾದ ಕೀವರ್ಡ್‌ಗಳನ್ನು ರೋಮನ್ ಅಕ್ಷರದಲ್ಲಿ ಹಾಕಿ. ಟೇಬಲ್, ಕಾಲಂಗಳಿಗೂ ನಿಮ್ಮಲ್ಲಿರುವ ಹೆಸರನ್ನೇ ಬಳಸಿ. ಉದ್ಧರಣ ಚಿಹ್ನೆಯೊಳಗಿನ ಮೌಲ್ಯಗಳು ಮಾತ್ರ ಕನ್ನಡದಲ್ಲೇ ಇರಲಿ.

ಉದಾಹರಣೆಗೆ ಮಂಡ್ಯ ಜಿಲ್ಲೆಯ ಒಂದು ಸಹಕಾರ ಸಂಘವನ್ನು ಇಟ್ಟುಕೊಳ್ಳೋಣ. ಮದ್ದೂರು, ಮಳವಳ್ಳಿ, ಪಾಂಡವಪುರದ ಕಡೆಯ ರೈತರು ಹನಿ ನೀರಾವರಿ ಸಹಾಯಧನಕ್ಕೆ ಅರ್ಜಿ ಹಾಕಿದ್ದಾರೆ. ‘ಅರ್ಜಿ’ ಎಂಬ ಟೇಬಲ್‌ನಲ್ಲಿ ಅರ್ಜಿಗೊಂದು ಸಾಲು. ‘ಅರ್ಜಿ_ದಾಖಲೆ’ ಎಂಬ ಟೇಬಲ್‌ನಲ್ಲಿ ಬಂದ ಪ್ರತಿಯೊಂದು ದಾಖಲೆಗೂ ಒಂದು ಸಾಲು. ಅಂದರೆ ಮೂರು ದಾಖಲೆ ಕೊಟ್ಟವರಿಗೆ ಮೂರು ಸಾಲು. ಅದರ ಕಾಲಂಗಳು ಅರ್ಜಿ_ಸಂಖ್ಯೆ ಮತ್ತು ದಾಖಲೆ. ಈ ಏಳು ಅರ್ಜಿಗಳನ್ನು ನೀವೇ ಟೈಪ್ ಮಾಡಿ ಸೇರಿಸಿ. ಒಂದೊಂದೂ ಒಂದೊಂದು ಬಗೆಯ ತಪ್ಪನ್ನು ಹಿಡಿಯಲೆಂದೇ ಆರಿಸಿದ್ದು:

- 101: ಪಹಣಿ, ಆಧಾರ್, ಪಾಸ್‌ಬುಕ್
- 102: ಪಹಣಿ, ಆಧಾರ್
- 103: ಪಹಣಿ, ಪಹಣಿ, ಆಧಾರ್ (ಒಂದೇ ದಾಖಲೆ ಎರಡು ಸಲ ಎಂಟ್ರಿ ಆಗಿದೆ)
- 104: ಪಹಣಿ, ಆಧಾರ್, ಪಾಸ್‌ಬುಕ್, ಜಾತಿ ಪ್ರಮಾಣಪತ್ರ
- 105: ಆಧಾರ್, ಪಡಿತರ ಚೀಟಿ, ಜಾತಿ ಪ್ರಮಾಣಪತ್ರ
- 106: ‘ಅರ್ಜಿ’ ಟೇಬಲ್‌ನಲ್ಲಿ ಇದೆ, ದಾಖಲೆ ಒಂದೂ ಬಂದಿಲ್ಲ
- 107: ಪಹಣಿ, ಆಧಾರ್, ಪಾಸ್‌ಬುಕ್ (ಆದರೆ ಇದರ ‘ಆಧಾರ್’ ಪದದ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಕೊಂಡಿದೆ)

ಸರಿಯಾದ ಉತ್ತರ 101, 104, 107. ಇದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಪ್ರತಿ ಕ್ವೆರಿಯ ಫಲಿತಾಂಶವನ್ನೂ ಇದರ ಜೊತೆ ತಾಳೆ ನೋಡಿ.

## ಹಂತ 1: ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿ ಒಂದು ವಾಕ್ಯವಾಗಿ ಬರೆಯಿರಿ

‘ಮೂರು ದಾಖಲೆ ಇರುವವರು’ ಎಂದರೆ ಸಾಲದು. ಅದೇ ಮಾತಿಗೆ ನಾಲ್ಕು ಅರ್ಥ ಬರುತ್ತದೆ. ಈ ಮೂರೂ ಇರಬೇಕು, ಬೇರೆಯದು ಇದ್ದರೂ ಅಡ್ಡಿಯಿಲ್ಲ. ಈ ಮೂರೇ ಇರಬೇಕು, ಬೇರೆ ಇರಕೂಡದು. ಈ ಎರಡು ಇದ್ದು ಮೂರನೆಯದು ಇರಬಾರದು. ಒಂದು ಕಡ್ಡಾಯ, ಉಳಿದೆರಡರಲ್ಲಿ ಯಾವುದಾದರೂ ಒಂದು ಸಾಕು. ನಾಲ್ಕಕ್ಕೂ ಕ್ವೆರಿ ಬೇರೆ ಬೇರೆ. ಪಟ್ಟಿ ಕೇಳಿದವರ ಹತ್ತಿರ ಹೋಗಿ ಯಾವುದೆಂದು ಖಚಿತ ಮಾಡಿಕೊಳ್ಳಿ.

ಇನ್ನೊಂದು ವಿಷಯವನ್ನೂ ಇಲ್ಲೇ ತೀರ್ಮಾನಿಸಬೇಕು: ಗುಂಪು ಯಾವುದರದ್ದು? ಬೆಳೆ ಮಾಹಿತಿಯ ಟೇಬಲ್‌ನಲ್ಲಿ ‘ಭತ್ತವನ್ನೂ ರಾಗಿಯನ್ನೂ ಬೆಳೆದ ರೈತರು’ ಬೇಕು ಎಂದುಕೊಳ್ಳಿ. ರೈತ ಸಂಖ್ಯೆಯ ಮೇಲೆ ಮಾತ್ರ ಗುಂಪು ಮಾಡಿದರೆ, 2021ರಲ್ಲಿ ಭತ್ತ ನಾಟಿ ಮಾಡಿ, ನಾಲೆಗೆ ನೀರು ಬಾರದ 2023ರಲ್ಲಿ ರಾಗಿ ಹಾಕಿದವರೂ ಬರುತ್ತಾರೆ. ಒಂದೇ ವರ್ಷದಲ್ಲಿ ಎರಡೂ ಬೆಳೆದವರು ಬೇಕಿದ್ದರೆ ಗುಂಪು ರೈತ ಸಂಖ್ಯೆ ಮತ್ತು ವರ್ಷ ಎರಡರ ಮೇಲೂ ಆಗಬೇಕು. ಒಂದೇ ಹಂಗಾಮಿನಲ್ಲಿ ಎಂದರೆ ಹಂಗಾಮೂ ಸೇರಬೇಕು. ಗುಂಪಿನ ಕಾಲಂ ಒಂದು ಹೆಚ್ಚಾದರೂ ಕಡಿಮೆಯಾದರೂ ಪ್ರಶ್ನೆಯೇ ಬದಲಾಗುತ್ತದೆ.

ಹೆಸರಿನ ಮೇಲೆ ಗುಂಪು ಮಾಡಲೇಬೇಡಿ. ಒಂದೇ ಊರಿನಲ್ಲಿ ಇಬ್ಬರು ಪುಟ್ಟಸ್ವಾಮಿಗಳು ಇದ್ದರೆ ಒಬ್ಬರ ಪಹಣಿಗೂ ಇನ್ನೊಬ್ಬರ ಪಾಸ್‌ಬುಕ್‌ಗೂ ಗಂಟು ಬಿದ್ದು, ಇಬ್ಬರೂ ಸೇರಿ ಒಬ್ಬ ಅರ್ಹ ರೈತನಾಗುತ್ತಾರೆ.

## ಹಂತ 2: ಮೌಲ್ಯಗಳ ಕಾಗುಣಿತ ಪರೀಕ್ಷಿಸಿ

ಕನ್ನಡದ ಡೇಟಾ ಇರುವ ಕಡೆ ಅತಿ ಹೆಚ್ಚು ತಪ್ಪಾಗುವುದು ಇಲ್ಲಿ. ಕ್ವೆರಿ ಎಷ್ಟೇ ಸರಿ ಇದ್ದರೂ ಈ ಹಂತ ಬಿಟ್ಟರೆ ಅರ್ಹರು ಜಾರಿಹೋಗುತ್ತಾರೆ. ಮೊದಲು ಇದನ್ನು ಓಡಿಸಿ:

```
ಸೆಲೆಕ್ಟ್ ದಾಖಲೆ, ಲೆಂಗ್ತ್(ದಾಖಲೆ), ಕೌಂಟ್(*)
ಫ್ರಮ್ ಅರ್ಜಿ_ದಾಖಲೆ
ಗ್ರೂಪ್ ಬೈ ದಾಖಲೆ
ಆರ್ಡರ್ ಬೈ ದಾಖಲೆ;
```

ಪೋಸ್ಟ್‌ಗ್ರೆಸ್ ಅಥವಾ ಎಸ್‌ಕ್ಯೂಲೈಟ್‌ನಲ್ಲಿ ‘ಆಧಾರ್’ ಎರಡು ಸಲ ಕಾಣಿಸುತ್ತದೆ. ಒಂದರ ಉದ್ದ 5, ಇನ್ನೊಂದರದ್ದು 6. ಐದು ಹೇಗೆಂದರೆ: ಆ, ಧ, ಆಕಾರದ ದೀರ್ಘ, ರ, ವಿರಾಮ ಚಿಹ್ನೆ. ಆರನೆಯದು ಅಕ್ಷರಗಳು ಒತ್ತಾಗಿ ಕೂಡಿಕೊಳ್ಳದಂತೆ ತಡೆಯುವ ಶೂನ್ಯ ಅಗಲದ ಗುರುತು. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 8204. ‘ಆಧಾರ್‌ಗೆ’ ಎಂದು ಟೈಪ್ ಮಾಡಿ ಕೊನೆಯ ‘ಗೆ’ ಅಳಿಸಿದರೆ ಈ ಗುರುತು ಹಿಂದೆ ಉಳಿದುಬಿಡುತ್ತದೆ. ತೆರೆಯ ಮೇಲೆ ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು. ಆದರೆ ಪೋಸ್ಟ್‌ಗ್ರೆಸ್‌ನ ಮಾಮೂಲಿ ಹೋಲಿಕೆಯಲ್ಲಿ ಬೈಟ್‌ಗಳು ಒಂದೇ ಆಗಿರಬೇಕು, ಹಾಗಾಗಿ ಅದಕ್ಕೆ ಇವು ಎರಡು ಬೇರೆ ಪದಗಳು. ಮೈಎಸ್‌ಕ್ಯೂಎಲ್‌ನಲ್ಲಿ ಇದು ಕೊಲೇಶನ್ (ಅಕ್ಷರಗಳನ್ನು ಹೋಲಿಸುವ ನಿಯಮ) ಮೇಲೆ ಹೋಗುತ್ತದೆ. ಅಲ್ಲಿ ಲೆಂಗ್ತ್ ಬೈಟ್‌ಗಳನ್ನು ಎಣಿಸುವುದರಿಂದ 15 ಮತ್ತು 18 ಬರುತ್ತದೆ. ಅಕ್ಷರ ಎಣಿಸಲು ಕ್ಯಾರ್_ಲೆಂಗ್ತ್ ಬಳಸಿ.

ಕೊನೆಗೆ ಅಂಟಿದ ಗುರುತನ್ನೂ ಖಾಲಿ ಜಾಗವನ್ನೂ ತೆಗೆಯಲು, ಪೋಸ್ಟ್‌ಗ್ರೆಸ್‌ನಲ್ಲಿ ಹೀಗೆ:

```
ಅಪ್‌ಡೇಟ್ ಅರ್ಜಿ_ದಾಖಲೆ
ಸೆಟ್ ದಾಖಲೆ = ಬಿಟ್ರಿಮ್(ದಾಖಲೆ, ' ' || ಸಿಎಚ್‌ಆರ್(8204) || ಸಿಎಚ್‌ಆರ್(8205));
```

ಎಸ್‌ಕ್ಯೂಲೈಟ್‌ನಲ್ಲಿ ಇದೇ ಕೆಲಸವನ್ನು ಟ್ರಿಮ್ ಮತ್ತು ಕ್ಯಾರ್ ಮಾಡುತ್ತವೆ. ತುದಿಯಲ್ಲಿ ಮಾತ್ರ ಕತ್ತರಿಸಿ, ಪದದ ನಡುವಿನಿಂದ ಈ ಗುರುತನ್ನು ಕಣ್ಣು ಮುಚ್ಚಿ ಅಳಿಸಬೇಡಿ. ‘ಪಾಸ್‌ಬುಕ್’ ಪದದ ನಡುವೆ ಇರುವುದೂ ಅದೇ ಗುರುತು. ಅದನ್ನು ತೆಗೆದರೆ ಸಕಾರದ ಕೆಳಗೆ ಬಕಾರದ ಒತ್ತು ಬಂದು ‘ಪಾಸ್ಬುಕ್’ ಆಗುತ್ತದೆ, ನೀವು ಹುಡುಕುವ ಪದಕ್ಕೆ ಅದು ಹೊಂದುವುದಿಲ್ಲ.

‘ತೊಗರಿ’ಯಂಥ ಪದದಲ್ಲಿ ಇನ್ನೊಂದು ತೊಡಕು. ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಕೂಡಿಸಿಯೂ ಇಡಬಹುದು. ಹಾಗಾಗಿ ಉದ್ದ 5 ಅಥವಾ 6. ಹಳೆಯ ಫಾಂಟ್‌ನಿಂದ ಪರಿವರ್ತಿಸಿದ ಫೈಲುಗಳಲ್ಲಿ ಇದನ್ನು ತಪ್ಪದೆ ನೋಡಿ. ಪೋಸ್ಟ್‌ಗ್ರೆಸ್ 13ರಿಂದ ಈಚೆಗೆ ನಾರ್ಮಲೈಜ್ ಎಂಬ ಫಂಕ್ಷನ್ ಇದೆ, ಅದು ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಶೂನ್ಯ ಅಗಲದ ಗುರುತನ್ನು ಮಾತ್ರ ಅದು ಮುಟ್ಟುವುದಿಲ್ಲ.

ಎಸ್‌ಕ್ಯೂಎಲ್ ಸರ್ವರ್ ಬಳಸುವವರು ಕನ್ನಡ ಪದದ ಉದ್ಧರಣ ಚಿಹ್ನೆಗೆ ಮೊದಲು ದೊಡ್ಡ ‘ಎನ್’ ಅಕ್ಷರ ಸೇರಿಸಲೇಬೇಕು. ಯುಟಿಎಫ್-8 ಕೊಲೇಶನ್ ಇಲ್ಲದ ಡೇಟಾಬೇಸ್‌ನಲ್ಲಿ ಅದನ್ನು ಮರೆತರೆ ಪದವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ, ಫಲಿತಾಂಶ ಖಾಲಿ ಬರುತ್ತದೆ.

ಇದಕ್ಕೆಲ್ಲ ಶಾಶ್ವತ ಪರಿಹಾರ ಒಂದೇ. ದಾಖಲೆಗಳ ಹೆಸರನ್ನು ಒಂದು ಪ್ರತ್ಯೇಕ ಟೇಬಲ್‌ನಲ್ಲಿ ಒಂದೇ ಸಲ ಬರೆದು, ಪಹಣಿಗೆ 1, ಆಧಾರ್‌ಗೆ 2, ಪಾಸ್‌ಬುಕ್‌ಗೆ 3 ಎಂದು ಸಂಖ್ಯೆ ಕೊಟ್ಟು, ಅರ್ಜಿ_ದಾಖಲೆಯಲ್ಲಿ ಸಂಖ್ಯೆಯನ್ನು ಮಾತ್ರ ಇಡುವುದು. ಎಂಟ್ರಿ ಮಾಡುವವರು ಪದ ಟೈಪ್ ಮಾಡದೆ ಪಟ್ಟಿಯಿಂದ ಆರಿಸುವಂತಾದರೆ ಈ ಹಂತವೇ ಬೇಕಾಗುವುದಿಲ್ಲ. ಹೊಸದಾಗಿ ಡೇಟಾಬೇಸ್ ಕಟ್ಟುವವರು ಹೀಗೇ ಕಟ್ಟಿ. ಮುಂದಿನ ಉದಾಹರಣೆಗಳಲ್ಲಿ ಓದಲು ಸುಲಭವಾಗಲೆಂದು ಹೆಸರುಗಳನ್ನೇ ಇಟ್ಟಿದೆ, 107ರ ಆಧಾರ್ ಸರಿಯಾಗಿದೆ ಎಂದುಕೊಂಡಿದೆ.

## ಹಂತ 3: ಬೇಕಾದ ಮೌಲ್ಯಗಳ ಸಾಲುಗಳನ್ನು ಮಾತ್ರ ಉಳಿಸಿಕೊಳ್ಳಿ

ಮೊದಲ ಸಲ ಬರೆಯುವವರ ಕೈಯಿಂದ ಬರುವುದು ಇದು:

```
ವೇರ್ ದಾಖಲೆ = 'ಪಹಣಿ' ಆ್ಯಂಡ್ ದಾಖಲೆ = 'ಆಧಾರ್' ಆ್ಯಂಡ್ ದಾಖಲೆ = 'ಪಾಸ್‌ಬುಕ್'
```

ಒಂದು ಸಾಲೂ ಬರುವುದಿಲ್ಲ. ವೇರ್ ಒಂದು ಸಲಕ್ಕೆ ಒಂದೇ ಸಾಲನ್ನು ನೋಡುತ್ತದೆ. ಆ ಸಾಲಿನ ದಾಖಲೆ ಕಾಲಂನಲ್ಲಿ ಇರುವುದು ಒಂದೇ ಪದ. ಅದು ಪಹಣಿಯೂ ಆಗಿ ಆಧಾರ್ ಕೂಡ ಆಗಿರಲು ಸಾಧ್ಯವಿಲ್ಲ. ‘ಮೂರೂ ಇದೆ’ ಎನ್ನುವುದು ಯಾವ ಒಂದು ಸಾಲಿನ ಗುಣವೂ ಅಲ್ಲ, ಒಂದು ಅರ್ಜಿಯ ಸಾಲುಗಳೆಲ್ಲ ಸೇರಿದ ಗುಂಪಿನ ಗುಣ. ಇಷ್ಟು ಹಿಡಿತಕ್ಕೆ ಸಿಕ್ಕರೆ ಉಳಿದ ಹಂತಗಳು ತಾವಾಗಿ ಬರುತ್ತವೆ.

ವೇರ್‌ಗೆ ಕೊಡಬೇಕಾದ ಕೆಲಸ ಇಷ್ಟೇ: ಈ ಪ್ರಶ್ನೆಗೆ ಸಂಬಂಧವಿಲ್ಲದ ಸಾಲುಗಳನ್ನು ಬದಿಗೆ ಸರಿಸುವುದು.

```
ವೇರ್ ದಾಖಲೆ ಇನ್ ('ಪಹಣಿ', 'ಆಧಾರ್', 'ಪಾಸ್‌ಬುಕ್')
```

ಇಲ್ಲಿಗೇ ನಿಲ್ಲಿಸಿದರೆ 106 ಬಿಟ್ಟು ಆರೂ ಅರ್ಜಿಗಳು ಬರುತ್ತವೆ. 105ರಲ್ಲಿ ಬರೀ ಆಧಾರ್ ಇದ್ದರೂ ಅದು ಬರುತ್ತದೆ, ಏಕೆಂದರೆ ‘ಇನ್’ ಎಂದರೆ ‘ಇವುಗಳಲ್ಲಿ ಯಾವುದಾದರೂ ಒಂದು’. ಕೆಲಸ ಅರ್ಧ ಮಾತ್ರ ಆಗಿದೆ.

## ಹಂತ 4: ಗುಂಪು ಮಾಡಿ, ಬೇರೆ ಬೇರೆ ಮೌಲ್ಯಗಳನ್ನು ಎಣಿಸಿ

```
ಸೆಲೆಕ್ಟ್ ಅರ್ಜಿ_ಸಂಖ್ಯೆ
ಫ್ರಮ್ ಅರ್ಜಿ_ದಾಖಲೆ
ವೇರ್ ದಾಖಲೆ ಇನ್ ('ಪಹಣಿ', 'ಆಧಾರ್', 'ಪಾಸ್‌ಬುಕ್')
ಗ್ರೂಪ್ ಬೈ ಅರ್ಜಿ_ಸಂಖ್ಯೆ
ಹ್ಯಾವಿಂಗ್ ಕೌಂಟ್(ಡಿಸ್ಟಿಂಕ್ಟ್ ದಾಖಲೆ) = 3;
```

ಡೇಟಾಬೇಸ್ ಇದನ್ನು ಓದುವ ಕ್ರಮ: ಮೊದಲು ಫ್ರಮ್, ಆಮೇಲೆ ವೇರ್, ನಂತರ ಗ್ರೂಪ್ ಬೈ, ಅದಾದ ಮೇಲೆ ಹ್ಯಾವಿಂಗ್, ಕೊನೆಗೆ ಸೆಲೆಕ್ಟ್. ವೇರ್ ಸಾಲುಗಳನ್ನು ಸೋಸುತ್ತದೆ, ಹ್ಯಾವಿಂಗ್ ಗುಂಪುಗಳನ್ನು ಸೋಸುತ್ತದೆ. ಉತ್ತರ 101, 104, 107.

ಈ ಐದು ಸಾಲಿನಲ್ಲಿ ಎರಡು ಜಾಗ ಸೂಕ್ಷ್ಮ. ಎರಡನ್ನೂ ಬೇಕೆಂದೇ ಕೆಡಿಸಿ ನೋಡಿ, ಆಗ ಮರೆಯುವುದಿಲ್ಲ.

ಡಿಸ್ಟಿಂಕ್ಟ್ ತೆಗೆದು ಕೌಂಟ್(*) = 3 ಎಂದು ಹಾಕಿ. 103 ಒಳಗೆ ಬರುತ್ತದೆ. ಅದರಲ್ಲಿ ಪಾಸ್‌ಬುಕ್ ಇಲ್ಲ, ಆದರೆ ಪಹಣಿ ಎರಡು ಸಲ ಇರುವುದರಿಂದ ಸಾಲುಗಳು ಮೂರಾದವು. ಇದರ ತಿರುಗುಮುರುಗೂ ಆಗುತ್ತದೆ. ಮೂರೂ ದಾಖಲೆ ಕೊಟ್ಟು, ಪಹಣಿಯನ್ನು ಎರಡು ಸಲ ಕೊಟ್ಟವರ ಎಣಿಕೆ 4 ಆಗಿ, ಅರ್ಹರೇ ಹೊರಗುಳಿಯುತ್ತಾರೆ. ಅರ್ಜಿ_ಸಂಖ್ಯೆ ಮತ್ತು ದಾಖಲೆ ಎರಡೂ ಸೇರಿದ ಯುನೀಕ್ ನಿರ್ಬಂಧ (ಅದೇ ಜೋಡಿ ಎರಡನೇ ಸಲ ಸೇರದಂತೆ ತಡೆಯುವ ನಿಯಮ) ಟೇಬಲ್ ಮೇಲೆ ಇದ್ದರೆ ಮಾತ್ರ ಕೌಂಟ್(*) ಸುರಕ್ಷಿತ.

ಈಗ ಡಿಸ್ಟಿಂಕ್ಟ್ ಇಟ್ಟು ವೇರ್ ಸಾಲನ್ನು ಅಳಿಸಿ. 101, 105, 107 ಬರುತ್ತವೆ. 105ರಲ್ಲಿ ಯಾವುದೋ ಮೂರು ದಾಖಲೆ ಇದೆ, ನಮಗೆ ಬೇಕಾದ ಮೂರಲ್ಲ. 104ರಲ್ಲಿ ಬೇಕಾದ ಮೂರೂ ಇದ್ದು, ಜಾತಿ ಪ್ರಮಾಣಪತ್ರವೂ ಇರುವ ತಪ್ಪಿಗೆ ಎಣಿಕೆ 4 ಆಗಿ ಅದು ಬಿದ್ದುಹೋಯಿತು. ಮೂರು ಅರ್ಜಿ ಬರಬೇಕಿತ್ತು, ಮೂರೇ ಬಂದಿವೆ. ಒಟ್ಟು ಸಂಖ್ಯೆ ಮಾತ್ರ ನೋಡುವವರಿಗೆ ಈ ತಪ್ಪು ಎಂದೂ ಸಿಗುವುದಿಲ್ಲ.

‘ಇನ್’ ಪಟ್ಟಿಯ ಪದಗಳ ಸಂಖ್ಯೆಯೂ ಹ್ಯಾವಿಂಗ್‌ನ ಸಂಖ್ಯೆಯೂ ಒಂದೇ ಇರಬೇಕು. ನಾಲ್ಕನೆಯ ದಾಖಲೆ ಕಡ್ಡಾಯ ಮಾಡಿದ ದಿನ ಪಟ್ಟಿಗೆ ಪದ ಸೇರಿಸಿ, 3 ಅನ್ನು 4 ಮಾಡಲು ಮರೆತರೆ ‘ನಾಲ್ಕರಲ್ಲಿ ಸರಿಯಾಗಿ ಮೂರು’ ಎಂಬ ಬೇರೆಯದೇ ಪ್ರಶ್ನೆಗೆ ಉತ್ತರ ಬರುತ್ತದೆ. ವೆಬ್ ಫಾರ್ಮ್‌ನಿಂದ ಪಟ್ಟಿ ಬರುವುದಾದರೆ ಅದರೊಳಗಿನ ಡೂಪ್ಲಿಕೇಟ್ ಮೊದಲು ತೆಗೆದು ಆಮೇಲೆ ಎಣಿಸಿ. ಪಹಣಿಯನ್ನು ಎರಡು ಸಲ ಟಿಕ್ ಮಾಡಿದ ಪಟ್ಟಿಯ ಉದ್ದ 3 ಎಂದಾದರೆ, ಇರುವ ಎರಡೇ ಬಗೆಯ ದಾಖಲೆಗೆ ಆ 3 ಎಂದಿಗೂ ಮುಟ್ಟುವುದಿಲ್ಲ.

ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಕೌಂಟ್ ಒಳಗೆ ಡಿಸ್ಟಿಂಕ್ಟ್ ನಡೆಯುವುದಿಲ್ಲ. ಅಲ್ಲಿ ಒಳಗಿನ ಸಬ್‌ಕ್ವೆರಿಯಲ್ಲಿ ಸೆಲೆಕ್ಟ್ ಡಿಸ್ಟಿಂಕ್ಟ್ ಅರ್ಜಿ_ಸಂಖ್ಯೆ, ದಾಖಲೆ ತೆಗೆದು, ಹೊರಗೆ ಕೌಂಟ್(*) ಮಾಡಿ.

## ಹಂತ 5: ‘ಪರಿಶೀಲಿಸಿದ ದಾಖಲೆ ಮಾತ್ರ’ ಎಂಬಂಥ ಷರತ್ತು ಸೇರಿಸುವುದು

ಸ್ಥಿತಿ ಎಂಬ ಕಾಲಂನಲ್ಲಿ ಒಪ್ಪಿಗೆ, ಬಾಕಿ, ತಿರಸ್ಕಾರ ಎಂದಿದ್ದರೆ, ಆ ಷರತ್ತು ಸಾಲಿನದ್ದು. ಅದರ ಜಾಗ ವೇರ್:

```
ವೇರ್ ದಾಖಲೆ ಇನ್ ('ಪಹಣಿ', 'ಆಧಾರ್', 'ಪಾಸ್‌ಬುಕ್')
ಆ್ಯಂಡ್ ಸ್ಥಿತಿ = 'ಒಪ್ಪಿಗೆ'
```

‘ಇನ್’ ಬದಲು ‘ಆರ್’ ಸರಣಿ ಬರೆಯುವವರು ಅದನ್ನು ಆವರಣದೊಳಗೆ ಇಡಬೇಕು. ಆ್ಯಂಡ್ ಬಿಗಿ, ಆರ್ ಸಡಿಲ. ಆವರಣ ಬಿಟ್ಟರೆ ಒಪ್ಪಿಗೆಯ ಷರತ್ತು ಕೊನೆಯ ಪಾಸ್‌ಬುಕ್‌ಗೆ ಮಾತ್ರ ತಗಲುತ್ತದೆ, ತಿರಸ್ಕೃತ ಪಹಣಿಯೂ ಲೆಕ್ಕಕ್ಕೆ ಬರುತ್ತದೆ.

ಒಂದೇ ದಾಖಲೆಗೆ ಹಲವು ಸಲ ಸ್ಥಿತಿ ದಾಖಲಾಗುವ ಕಡೆ ಇನ್ನೂ ಎಚ್ಚರ ಬೇಕು. ಜನವರಿಯಲ್ಲಿ ಒಪ್ಪಿಗೆಯಾದ ಪಹಣಿ ಮಾರ್ಚ್‌ನಲ್ಲಿ ತಿರಸ್ಕಾರವಾಗಿದ್ದರೆ ಮೇಲಿನ ಕ್ವೆರಿ ಜನವರಿಯ ಸಾಲನ್ನು ಹಿಡಿದು ಅರ್ಜಿಯನ್ನು ಪಾಸು ಮಾಡುತ್ತದೆ. ಒಳಗಿನ ಸಬ್‌ಕ್ವೆರಿಯಲ್ಲಿ ರೋ_ನಂಬರ್ ಬಳಸಿ, ಅರ್ಜಿ_ಸಂಖ್ಯೆ ಮತ್ತು ದಾಖಲೆಗೆ ಪಾರ್ಟಿಷನ್ ಮಾಡಿ, ದಿನಾಂಕದ ಇಳಿಕೆ ಕ್ರಮದಲ್ಲಿ 1ನೇ ಸಾಲನ್ನು ಮಾತ್ರ ಉಳಿಸಿ. ಸ್ಥಿತಿಯನ್ನು ಹೊರಗಿನ ಕ್ವೆರಿಯಲ್ಲಿ ನೋಡಿ. ಒಳಗೇ ಒಪ್ಪಿಗೆ ಎಂದು ಸೋಸಿದರೆ ತಿರಸ್ಕಾರದ ಸಾಲು ಮೊದಲೇ ಹೋಗಿ, ಮತ್ತೆ ಜನವರಿಯದೇ ‘ಇತ್ತೀಚಿನದು’ ಆಗಿಬಿಡುತ್ತದೆ. ಇದಕ್ಕೆ ಮೈಎಸ್‌ಕ್ಯೂಎಲ್ 8.0 ಅಥವಾ ಎಸ್‌ಕ್ಯೂಲೈಟ್ 3.25 ಇಲ್ಲವೇ ಅದಕ್ಕಿಂತ ಹೊಸತು ಬೇಕು.

## ಹಂತ 6: ‘ಇವೇ ಮಾತ್ರ’, ‘ಇದು ಇರಬಾರದು’, ‘ಇದು ಇಲ್ಲವೇ ಅದು’

ಈ ಮೂರಕ್ಕೂ ವೇರ್‌ನಲ್ಲಿ ಸೋಸಬೇಡಿ. ಇರಬಾರದ ದಾಖಲೆ ಇದೆಯೇ ಎಂದು ನೋಡಲು ಅದರ ಸಾಲು ಗುಂಪಿನೊಳಗೆ ಇರಬೇಕು. ವೇರ್ ಅದನ್ನು ಮೊದಲೇ ಎಸೆದಿದ್ದರೆ ಹ್ಯಾವಿಂಗ್‌ಗೆ ಅದು ಕಾಣುವುದೇ ಇಲ್ಲ.

ಮೂರೇ ಇರಬೇಕು, ಬೇರೆ ಕೂಡದು ಎನ್ನುವುದಕ್ಕೆ:

```
ಗ್ರೂಪ್ ಬೈ ಅರ್ಜಿ_ಸಂಖ್ಯೆ
ಹ್ಯಾವಿಂಗ್ ಕೌಂಟ್(ಡಿಸ್ಟಿಂಕ್ಟ್ ದಾಖಲೆ) = 3
ಆ್ಯಂಡ್ ಕೌಂಟ್(ಡಿಸ್ಟಿಂಕ್ಟ್ ಕೇಸ್ ವೆನ್ ದಾಖಲೆ ಇನ್ ('ಪಹಣಿ', 'ಆಧಾರ್', 'ಪಾಸ್‌ಬುಕ್')
    ದೆನ್ ದಾಖಲೆ ಎಂಡ್) = 3;
```

101 ಮತ್ತು 107 ಬರುತ್ತವೆ. ಕೇಸ್‌ಗೆ ಎಲ್ಸ್ ಕೊಡದಿದ್ದರೆ ಉಳಿದ ಸಾಲುಗಳಿಗೆ ನಲ್ (‘ಮೌಲ್ಯವೇ ಇಲ್ಲ’ ಎಂಬ ಗುರುತು) ಸಿಗುತ್ತದೆ, ಕೌಂಟ್ ನಲ್ ಅನ್ನು ಎಣಿಸುವುದಿಲ್ಲ. ಇದೇ ಇಲ್ಲಿನ ಕೀಲಿ. ಅಲ್ಲಿ ಎಲ್ಸ್ 0 ಎಂದು ಸೇರಿಸಿ ಕೆಡಿಸಬೇಡಿ.

ಪಹಣಿ, ಆಧಾರ್ ಇದ್ದು ಪಾಸ್‌ಬುಕ್ ಮಾತ್ರ ಬಾಕಿ ಇರುವವರು ಬೇಕಾದರೆ:

```
ಹ್ಯಾವಿಂಗ್ ಸಮ್(ಕೇಸ್ ವೆನ್ ದಾಖಲೆ = 'ಪಹಣಿ' ದೆನ್ 1 ಎಲ್ಸ್ 0 ಎಂಡ್) > 0
ಆ್ಯಂಡ್ ಸಮ್(ಕೇಸ್ ವೆನ್ ದಾಖಲೆ = 'ಆಧಾರ್' ದೆನ್ 1 ಎಲ್ಸ್ 0 ಎಂಡ್) > 0
ಆ್ಯಂಡ್ ಸಮ್(ಕೇಸ್ ವೆನ್ ದಾಖಲೆ = 'ಪಾಸ್‌ಬುಕ್' ದೆನ್ 1 ಎಲ್ಸ್ 0 ಎಂಡ್) = 0;
```

102, 103 ಬರುತ್ತವೆ. ಇಲ್ಲಿ ಎಲ್ಸ್ 0 ಬೇಕೇ ಬೇಕು. ಇಲ್ಲದಿದ್ದರೆ ಪಾಸ್‌ಬುಕ್ ಇಲ್ಲದ ಗುಂಪಿನ ಮೊತ್ತ 0 ಆಗದೆ ನಲ್ ಆಗುತ್ತದೆ, ನಲ್ ಯಾವುದಕ್ಕೂ ಸಮವಲ್ಲ. ಸಮ್‌ಗೆ ಎಲ್ಸ್ ಬೇಕು, ಕೌಂಟ್‌ಗೆ ಬೇಡ.

ಗುರುತಿಗೆ ಆಧಾರ್ ಇಲ್ಲವೇ ಪಡಿತರ ಚೀಟಿ ಸಾಕು ಎಂದಾದರೆ ಎರಡನೆಯ ಸಾಲಿನ = 'ಆಧಾರ್' ಎಂಬುದರ ಜಾಗದಲ್ಲಿ ಇನ್ ('ಆಧಾರ್', 'ಪಡಿತರ ಚೀಟಿ') ಹಾಕಿ, ಕೊನೆಯ ಸಾಲನ್ನು > 0 ಮಾಡಿ. ಇದನ್ನು ಹಂತ 4ರ ಎಣಿಕೆಯಲ್ಲೇ ಮುಗಿಸಲು ಹೋಗಬೇಡಿ. ನಾಲ್ಕು ಪದದ ಪಟ್ಟಿ ಕೊಟ್ಟು = 3 ಎಂದರೆ ಪಹಣಿ, ಆಧಾರ್, ಪಡಿತರ ಚೀಟಿ ಕೊಟ್ಟು ಪಾಸ್‌ಬುಕ್ ಕೊಡದವರೂ ದಾಟಿಬಿಡುತ್ತಾರೆ.

## ಹಂತ 7: ಕಡ್ಡಾಯ ಪಟ್ಟಿಯನ್ನು ಟೇಬಲ್‌ಗೆ ವರ್ಗಾಯಿಸಿ

ಯೋಜನೆಗೊಂದು ಪಟ್ಟಿ ಇರುವ ಕಡೆ ಪ್ರತಿ ಸಲ ಕ್ವೆರಿ ತಿದ್ದುವುದು ಅಪಾಯ. ‘ಬೇಕಾದ_ದಾಖಲೆ’ ಎಂಬ ಟೇಬಲ್ ಮಾಡಿ, ಯೋಜನೆ ಮತ್ತು ದಾಖಲೆ ಎಂಬ ಎರಡು ಕಾಲಂ ಇಡಿ. ‘ಅರ್ಜಿ’ ಟೇಬಲ್‌ನಲ್ಲೂ ಯೋಜನೆ ಎಂಬ ಕಾಲಂ ಇರಬೇಕು. ಕೆಳಗಿನ ಕ್ವೆರಿಯ ಅ, ಬ, ದ ಎಂಬುವು ಟೇಬಲ್‌ಗಳ ಗಿಡ್ಡ ಹೆಸರುಗಳು. ಆಗ ಪ್ರಶ್ನೆಯನ್ನು ತಿರುಗಿಸಿ ಕೇಳಬಹುದು: ‘ಬೇಕಾಗಿದ್ದೂ ಬಾರದ ದಾಖಲೆ ಒಂದೂ ಇಲ್ಲದ ಅರ್ಜಿಗಳು ಯಾವುವು?’

```
ಸೆಲೆಕ್ಟ್ ಅ.ಅರ್ಜಿ_ಸಂಖ್ಯೆ
ಫ್ರಮ್ ಅರ್ಜಿ ಅ
ವೇರ್ ನಾಟ್ ಎಕ್ಸಿಸ್ಟ್ಸ್ (
  ಸೆಲೆಕ್ಟ್ 1 ಫ್ರಮ್ ಬೇಕಾದ_ದಾಖಲೆ ಬ
  ವೇರ್ ಬ.ಯೋಜನೆ = ಅ.ಯೋಜನೆ
  ಆ್ಯಂಡ್ ನಾಟ್ ಎಕ್ಸಿಸ್ಟ್ಸ್ (
    ಸೆಲೆಕ್ಟ್ 1 ಫ್ರಮ್ ಅರ್ಜಿ_ದಾಖಲೆ ದ
    ವೇರ್ ದ.ಅರ್ಜಿ_ಸಂಖ್ಯೆ = ಅ.ಅರ್ಜಿ_ಸಂಖ್ಯೆ
    ಆ್ಯಂಡ್ ದ.ದಾಖಲೆ = ಬ.ದಾಖಲೆ));
```

ಎಣಿಕೆಯೇ ಇಲ್ಲದ್ದರಿಂದ ಡೂಪ್ಲಿಕೇಟ್ ಭಯವಿಲ್ಲ, 3 ಅನ್ನು 4 ಮಾಡುವ ನೆನಪೂ ಬೇಡ. ಅಪಾಯ ಬೇರೆ ಕಡೆ ಇದೆ. ಆ ಯೋಜನೆಗೆ ಬೇಕಾದ_ದಾಖಲೆಯಲ್ಲಿ ಒಂದು ಸಾಲೂ ಇಲ್ಲದಿದ್ದರೆ ‘ಬಾರದ ದಾಖಲೆ ಒಂದೂ ಇಲ್ಲ’ ಎನ್ನುವುದು ಎಲ್ಲರಿಗೂ ನಿಜವಾಗಿ, 106 ಸೇರಿದಂತೆ ಪ್ರತಿಯೊಂದು ಅರ್ಜಿಯೂ ಅರ್ಹ ಎಂದು ಬರುತ್ತದೆ. ಯೋಜನೆಯ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಸಾಕು, ಹೀಗಾಗುತ್ತದೆ. ಆ ಯೋಜನೆಗೆ ಪಟ್ಟಿ ಇದೆ ಎಂದು ಖಾತ್ರಿಪಡಿಸುವ ಒಂದು ಎಕ್ಸಿಸ್ಟ್ಸ್ ಷರತ್ತನ್ನು ಹೊರಗಿನ ವೇರ್‌ಗೆ ಸೇರಿಸಿ.

## ಹಂತ 8: ಯಾರದ್ದು, ಏನು ಬಾಕಿ?

ಅರ್ಹರ ಪಟ್ಟಿ ಕೊಟ್ಟ ಕೂಡಲೇ ಬರುವ ಮುಂದಿನ ಪ್ರಶ್ನೆ ಇದು. ಊರಿನಿಂದ ಬಸ್ ಹಿಡಿದು ಬಂದವರಿಗೆ ‘ನಿಮ್ಮದು ಅಪೂರ್ಣ’ ಎಂದಷ್ಟೇ ಹೇಳಿ ಕಳಿಸಿದರೆ ಅವರಿಗೆ ಇನ್ನೊಂದು ದಿನದ ಕೂಲಿ ಹೋಗುತ್ತದೆ. ಏನು ತರಬೇಕೆಂದು ಈ ಕ್ವೆರಿ ಹೇಳುತ್ತದೆ:

```
ಸೆಲೆಕ್ಟ್ ಅ.ಅರ್ಜಿ_ಸಂಖ್ಯೆ, ಬ.ದಾಖಲೆ
ಫ್ರಮ್ ಅರ್ಜಿ ಅ
ಜಾಯಿನ್ ಬೇಕಾದ_ದಾಖಲೆ ಬ ಆನ್ ಬ.ಯೋಜನೆ = ಅ.ಯೋಜನೆ
ಲೆಫ್ಟ್ ಜಾಯಿನ್ ಅರ್ಜಿ_ದಾಖಲೆ ದ
  ಆನ್ ದ.ಅರ್ಜಿ_ಸಂಖ್ಯೆ = ಅ.ಅರ್ಜಿ_ಸಂಖ್ಯೆ
  ಆ್ಯಂಡ್ ದ.ದಾಖಲೆ = ಬ.ದಾಖಲೆ
ವೇರ್ ದ.ಅರ್ಜಿ_ಸಂಖ್ಯೆ ಈಸ್ ನಲ್;
```

ಏಳು ಸಾಲು ಬರಬೇಕು: 102ಕ್ಕೆ ಪಾಸ್‌ಬುಕ್, 103ಕ್ಕೆ ಪಾಸ್‌ಬುಕ್, 105ಕ್ಕೆ ಪಹಣಿ ಮತ್ತು ಪಾಸ್‌ಬುಕ್, 106ಕ್ಕೆ ಮೂರೂ. ‘ಒಪ್ಪಿಗೆ’ಯ ಷರತ್ತು ಇಲ್ಲಿಗೂ ಬೇಕಿದ್ದರೆ ಅದನ್ನು ಆನ್ ಭಾಗಕ್ಕೆ ಸೇರಿಸಿ. ವೇರ್‌ಗೆ ಸೇರಿಸಿದರೆ, ಬಾರದ ದಾಖಲೆಯ ಸ್ಥಿತಿ ನಲ್ ಆಗಿರುವುದರಿಂದ ಪಟ್ಟಿ ಪೂರ್ತಿ ಖಾಲಿಯಾಗಿ, ಯಾರದ್ದೂ ಬಾಕಿ ಇಲ್ಲ ಎನ್ನುವಂತೆ ಕಾಣುತ್ತದೆ.

## ಹಂತ 9: ಅರ್ಹರ ಪೂರ್ಣ ವಿವರ ತೆಗೆಯುವುದು

ಹಂತ 4ರ ಕ್ವೆರಿಗೇ ಹೆಸರು, ಗ್ರಾಮ, ಇತರ ದಾಖಲೆಗಳನ್ನು ಸೇರಿಸಲು ಹೋಗಬೇಡಿ. ವೇರ್ ಆಗಲೇ ಸೋಸಿರುವುದರಿಂದ 104ರ ಜಾತಿ ಪ್ರಮಾಣಪತ್ರ ಅಲ್ಲಿ ಇರುವುದಿಲ್ಲ. ಗ್ರೂಪ್ ಬೈಗೆ ಕಾಲಂ ಸೇರಿಸಿದರೆ ಗುಂಪೇ ಒಡೆಯುತ್ತದೆ: ದಾಖಲೆ ಕಾಲಂ ಸೇರಿಸಿದ ಕೂಡಲೇ ಪ್ರತಿ ಗುಂಪಿನ ಎಣಿಕೆ 1 ಆಗಿ ಫಲಿತಾಂಶ ಖಾಲಿ. ಆ ಕ್ವೆರಿಯನ್ನು ಹಾಗೇ ಆವರಣದೊಳಗೆ ಇಟ್ಟು, ಹೊರಗಿನಿಂದ ‘ವೇರ್ ಅರ್ಜಿ_ಸಂಖ್ಯೆ ಇನ್ ( … )’ ಎಂದು ವಿವರ ತೆಗೆಯಿರಿ.

ಹಣ ಪಾವತಿಯಂಥ ಇನ್ನೊಂದು ಟೇಬಲ್ ಅನ್ನು ಗುಂಪು ಮಾಡುವ ಮೊದಲೇ ಜಾಯಿನ್ ಮಾಡುವುದೂ ಬೇಡ. ಮೂರು ದಾಖಲೆ, ಎರಡು ಪಾವತಿ ಇದ್ದರೆ ಆರು ಸಾಲಾಗುತ್ತದೆ. ಡಿಸ್ಟಿಂಕ್ಟ್ ಎಣಿಕೆ ಉಳಿದೀತು, ಆದರೆ ಪಾವತಿಯ ಮೊತ್ತ ಮೂರು ಪಟ್ಟು ಬರುತ್ತದೆ.

## ಹಂತ 10: ವೇಗ

ಎರಡು ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಸಾಕು. ಅರ್ಜಿ_ಸಂಖ್ಯೆ, ದಾಖಲೆ ಈ ಕ್ರಮದಲ್ಲಿ ಒಂದು ಯುನೀಕ್ ಇಂಡೆಕ್ಸ್. ಹಳೆಯ ಡೂಪ್ಲಿಕೇಟ್‌ಗಳನ್ನು ತೆಗೆದ ಮೇಲಷ್ಟೇ ಅದು ಕೂರುತ್ತದೆ. ಹಂತ 5ರಂತೆ ಒಂದೇ ದಾಖಲೆಗೆ ಹಲವು ಸ್ಥಿತಿಯ ಸಾಲು ಇಡುವ ಕಡೆ ಅದು ಯುನೀಕ್ ಆಗಿರುವುದು ಬೇಡ. ದಾಖಲೆ, ಅರ್ಜಿ_ಸಂಖ್ಯೆ ಈ ಕ್ರಮದಲ್ಲಿ ಇನ್ನೊಂದು. ವೇರ್‌ನಲ್ಲಿ ಕಾಲಂ ಮೇಲೆ ಟ್ರಿಮ್ ಹಾಕಿದರೆ ಸಾಮಾನ್ಯ ಇಂಡೆಕ್ಸ್ ಪ್ರಯೋಜನಕ್ಕೆ ಬರುವುದಿಲ್ಲ. ಡೇಟಾವನ್ನೇ ಒಮ್ಮೆ ಶುದ್ಧ ಮಾಡಿಬಿಡಿ.

## ಎಚ್ಚರಿಕೆಯ ಚಿಹ್ನೆಗಳು

ಫಲಿತಾಂಶ ಪೂರ್ತಿ ಖಾಲಿ ಬಂದರೆ ವೇರ್‌ನಲ್ಲಿ ಆ್ಯಂಡ್ ಸರಣಿ ಇದೆಯೇ, ಪಟ್ಟಿಯ ಉದ್ದಕ್ಕೂ ಸಂಖ್ಯೆಗೂ ತಾಳೆ ಇದೆಯೇ ಎಂದು ಮೊದಲು ನೋಡಿ. ಎಲ್ಲ ಅರ್ಜಿಗಳೂ ಬಂದರೆ ಹ್ಯಾವಿಂಗ್ ಬಿಟ್ಟುಹೋಗಿದೆ, ಇಲ್ಲವೇ ಕಡ್ಡಾಯ ಪಟ್ಟಿಯ ಟೇಬಲ್ ಖಾಲಿ ಇದೆ. ಕಡತದಲ್ಲಿ ಮೂರೂ ದಾಖಲೆ ಕಣ್ಣಿಗೆ ಕಾಣುತ್ತಿದ್ದರೂ ಅರ್ಜಿ ಬಾರದಿದ್ದರೆ ಹಂತ 2ಕ್ಕೆ ಹಿಂದಿರುಗಿ ಉದ್ದ ಅಳೆಯಿರಿ.

ದಾಖಲೆಗಳನ್ನೆಲ್ಲ ಗ್ರೂಪ್_ಕಾನ್‌ಕ್ಯಾಟ್‌ನಿಂದ ಒಂದೇ ಸಾಲಾಗಿ ಪೋಣಿಸಿ, ಲೈಕ್ ಹಾಕಿ ಹುಡುಕುವ ಕ್ವೆರಿ ನಿಮ್ಮ ಕೈಗೆ ಬಂದರೆ ಅದನ್ನು ಬದಲಿಸಿ. ‘ಪಹಣಿ’ಯನ್ನು ಹುಡುಕಿದರೆ ‘ಹಳೆಯ ಪಹಣಿ’ಯೂ ಹೊಂದುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಆ ಪೋಣಿಕೆಯ ಮಾಮೂಲಿ ಮಿತಿ 1024 ಬೈಟ್. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ ಸುಮಾರು 341 ಸಂಕೇತಗಳಿಗೆ ಬಾಲ ಕತ್ತರಿಸಿಹೋಗುತ್ತದೆ, ಬರುವುದು ಒಂದು ವಾರ್ನಿಂಗ್ ಮಾತ್ರ.

ಪಟ್ಟಿಯನ್ನು ಒಪ್ಪಿಸುವ ಮುನ್ನ ಒಂದು ತಾಳೆ ನೋಡಿ. ಹಂತ 7ರಲ್ಲಿ ಬಂದ ಅರ್ಜಿಗಳ ಸಂಖ್ಯೆಯೂ ಹಂತ 8ರಲ್ಲಿ ಬಂದ ಬೇರೆ ಬೇರೆ ಅರ್ಜಿ ಸಂಖ್ಯೆಗಳ ಎಣಿಕೆಯೂ ಕೂಡಿದರೆ ಅರ್ಜಿ ಟೇಬಲ್‌ನ ಒಟ್ಟು ಬರಬೇಕು. ನಮ್ಮ ಉದಾಹರಣೆಯಲ್ಲಿ 3 ಮತ್ತು 4 ಸೇರಿ 7. ಸ್ಥಿತಿಯ ಷರತ್ತು ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಈ ಲೆಕ್ಕ ಕೂಡುವುದಿಲ್ಲ.